ಬಾಲ ಹಿಡಿಯುವ ಸಿದ್ದಲಿಂಗಸ್ವಾಮಿ

ಸಿದ್ದಲಿಂಗಸ್ವಾಮಿಯವರನ್ನು ನಾನು ಮೊದಲು ತಿಳಿದುಕೊಂಡದ್ದೇ ಸತ್ತವರೆಂದು. ತಪ್ಪು ಪೂರ್ತಿ ನನ್ನದಲ್ಲ, ಅರ್ಧ ಫ್ಲೆಕ್ಸ್ ಮಾಡಿದವನದು. ಎರಡು ಸಾವಿರದ ಏಳನೇ ಇಸವಿ. ಮೈಸೂರಿನಲ್ಲಿ ಯಾರು ಸತ್ತರೂ ಅಳುವುದಕ್ಕೆ ಮುಂಚೆ ಫ್ಲೆಕ್ಸ್ ಹಾಕಿಸುತ್ತಿದ್ದ ಕಾಲ. ನಾನು ಬಾಡಿಗೆಗಿದ್ದ ಹಿನಕಲ್‌ನಲ್ಲಿ ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಎದುರಿಗೇ ಒಂದು ಫ್ಲೆಕ್ಸ್ ಎದ್ದು ನಿಂತಿತ್ತು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ ಇಬ್ಬರು. ಒಬ್ಬ ಕಪ್ಪು ಕನ್ನಡಕ ಹಾಕಿ, ಮೈಕು ಕಚ್ಚುವವನಂತೆ ಹಿಡಿದು ನಗುತ್ತಿದ್ದ. ಇನ್ನೊಬ್ಬ ಕೊರಳಿಗೆ ದಪ್ಪನೆಯ ಸುಗಂಧರಾಜದ ಹಾರ ಹಾಕಿಕೊಂಡು ಗಂಭೀರವಾಗಿ ನಿಂತಿದ್ದ. ಹಾರ ಇರುವವನೇ ಸತ್ತವನು ಎಂದು ಬಿ.ಕಾಂ. ಪಾಸಾದ ನನ್ನ ಬುದ್ಧಿ ತೀರ್ಮಾನಿಸಿತು. ಪಾಪ, ಚಿಕ್ಕ ವಯಸ್ಸು ಎಂದುಕೊಂಡು ಬಸ್ಸು ಹತ್ತಿದೆ.

ಕೆಲವು ದಿನಗಳ ಮೇಲೆ ಲಷ್ಕರ್ ಮೊಹಲ್ಲಾದ ನಮ್ಮ ಮೊಬೈಲ್ ಅಂಗಡಿಯ ಮುಂದೆ, ನೆತ್ತಿಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡ ಆಟೋ ಬಂದು ನಿಂತಿತು. ಒಳಗಿನಿಂದ, "ಮಹಿಳೆಯರೇ, ಮಹನೀಯರೇ, ಸೀರೆಗಳ ಬೃಹತ್ ಮಾರಾಟಕ್ಕೆ ಇಂದೇ ಕಡೆಯ ದಿನ" ಎಂದು ಗಂಟೆ ಬಾರಿಸಿದಂಥ ದನಿ ಬಂತು. ಮೈಕು ಕಿರುಗುಟ್ಟಿ ನಿಂತಿತು. ಇಳಿದು ಬಂದದ್ದು ಹಾರದ ಮನುಷ್ಯ.

ನನ್ನ ಕೈಯಲ್ಲಿದ್ದ ಗಿರಾಕಿಯ ಫೋನು ಗಾಜಿನ ಮೇಲೆ ಬಿತ್ತು.

"ನೀವು... ತೀರ್ಕೊಂಡಿದ್ರಲ್ಲ ಸಾರ್?"

"ಇನ್ನೂ ಇಲ್ಲ ಕಣ್ರೀ. ಪುರುಸೊತ್ತಾಗಿಲ್ಲ. ಒಂಚೂರು ಕರೆನ್ಸಿ ಹಾಕಿ."

ರಾಜ್ಯೋತ್ಸವದಲ್ಲಿ ಯಾರೋ ಸನ್ಮಾನ ಮಾಡಿದ್ದ ಫೋಟೋ ಅದೊಂದೇ ಅವರ ಹತ್ತಿರ ಇದ್ದದ್ದಂತೆ. ಸ್ನೇಹಿತನಿಗೆ ಶ್ರದ್ಧಾಂಜಲಿ ಹೇಳಲು ಅದನ್ನೇ ಕೊಟ್ಟಿದ್ದಾರೆ. ಹಾರವನ್ನು ಅಳಿಸಲು ಫ್ಲೆಕ್ಸಿನವನಿಗೆ ಸೋಮಾರಿತನ. "ನಿಮ್ಮೊಬ್ರಿಗಲ್ಲ ಬುಡಿ, ನಮ್ ಅತ್ತೆ ಮನೆಯವ್ರೂ ಅತ್ಕೊಂಡು ಬಂದ್ಬುಟ್ಟಿದ್ರು" ಎಂದರು. ನಿಜವಾಗಿ ಸತ್ತವನು ಮೈಕು ಹಿಡಿದು ನಗುತ್ತಿದ್ದವನು. ಅವನ ಹೆಸರು ಮಹಾಂತೇಶ್. ರಿಂಗ್ ರೋಡಿನಲ್ಲಿ ಬೈಕಿನಿಂದ ಬಿದ್ದು ಹೋಗಿದ್ದ.

ನನ್ನ ಕೆಲಸದ ವಿಷಯವನ್ನೂ ಹೇಳಿಬಿಡಬೇಕು, ಹೇಳಿಕೊಳ್ಳುವಂಥದ್ದೇನಲ್ಲ. ಜನರ ಫೋನಿನ ಪುಟಾಣಿ ಕಾರ್ಡಿಗೆ ಹಾಡು ತುಂಬುವುದು. ಅಂಗಡಿಯ ಯಜಮಾನರು ನಂಜಯ್ಯನವರು. ನಾಲ್ಕು ಜನ ಏನು ಕೇಳುತ್ತಾರೋ ಅದು ನಮ್ಮ ಕಂಪ್ಯೂಟರಿನಲ್ಲಿ ಇರಲೇಬೇಕು ಎಂಬುದು ಅವರ ಏಕೈಕ ಸಂಗೀತಜ್ಞಾನ. ನನ್ನದು ಅಷ್ಟೂ ಇರಲಿಲ್ಲ.

ಸಿದ್ದಲಿಂಗಸ್ವಾಮಿಯವರ ಕೆಲಸ ಆಟೋ ಪ್ರಚಾರ. ಸರ್ಕಸ್ಸು ಬಂದರೆ, ದಂತ ತಪಾಸಣೆ ಶಿಬಿರ ನಡೆದರೆ, ನೀರು ಬರುವುದಿಲ್ಲವೆಂದರೆ, ಊರಿಗೆಲ್ಲ ಅವರ ಬಾಯಿಂದಲೇ ತಿಳಿಯಬೇಕು. ಮೈಕಿನಲ್ಲಿ ಪುಸ್ತಕದ ಕನ್ನಡ, ಮೈಕು ಬಿಟ್ಟರೆ ಹಿನಕಲ್ಲಿನ ಕನ್ನಡ. ಸೀಟಿನ ಕೆಳಗೆ ಫ್ಲಾಸ್ಕಿನಲ್ಲಿ ಜೀರಿಗೆ ಮೆಣಸಿನ ಕಷಾಯ. ಐಸ್‌ಕ್ರೀಮು ತಿಂದವರಲ್ಲ, ಯಾರೊಂದಿಗೂ ಗಟ್ಟಿಯಾಗಿ ಜಗಳವಾಡಿದವರಲ್ಲ. ಹೆಂಡತಿ ಅಕ್ಷತಾ ಬೈದರೂ ಪಿಸುಗುಟ್ಟಿಯೇ ಉತ್ತರ ಕೊಡುತ್ತಿದ್ದರಂತೆ. ಅನ್ನ ಕೊಡುವ ಗಂಟಲು, ದಂಡ ಮಾಡಬಾರದು ಎಂಬುದು ಲೆಕ್ಕ.

ಆ ಗಂಟಲಿಗೆ ಇನ್ನೊಂದು ಬದುಕೂ ಇತ್ತು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಅವರೂ ಮಹಾಂತೇಶನೂ ಜೋಡಿಯಾಗಿ ರ‍್ಯಾಪ್ ಹೇಳುತ್ತಿದ್ದರು. ರ‍್ಯಾಪ್ ಎಂಬ ಹೆಸರು ಟೀವಿ ಕೊಟ್ಟದ್ದು. ಅವರು ಅದಕ್ಕೆ 'ಪಟಪಟ' ಎನ್ನುತ್ತಿದ್ದರು. ಮಹಾಂತೇಶ ಒಂದೇ ಉಸಿರಿಗೆ ಸಾಲು ಓಡಿಸುತ್ತಿದ್ದ. ಬೀಡಿ ಸೇದುವ ಎದೆ, ಸಾಲಿನ ತುದಿಗೆ ಬರುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಕೊನೆಯ ಮಾತನ್ನು ಸಿದ್ದಲಿಂಗಸ್ವಾಮಿಯವರು ಎತ್ತಿಕೊಳ್ಳುತ್ತಿದ್ದರು. "ಬೈಕಿಗೆ ಪೆಟ್ರೋಲಿಲ್ಲ, ಬಾಯಿಗೆ ಮಾತ್ರ—" ಎಂದು ಅವನು ಬಿಟ್ಟರೆ, "ಬ್ರೇಕಿಲ್ಲ!" ಎಂದು ಇವರು. ಅಷ್ಟರಲ್ಲಿ ಅವನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಸಿದ್ಧ. ಇದಕ್ಕೆ ಅವರಲ್ಲಿ ಬಾಲ ಹಿಡಿಯುವುದು ಎಂದು ಹೆಸರು. ನಗು ಬರುತ್ತಿದ್ದದ್ದು ಬಾಲಕ್ಕೆ, ಚಪ್ಪಾಳೆ ಬೀಳುತ್ತಿದ್ದದ್ದು ತಲೆಗೆ. ಅದರ ಬಗ್ಗೆ ಅವರಿಗೆ ಬೇಜಾರಿರಲಿಲ್ಲ. ತಮ್ಮದೇ ಹಾಡುಗಳನ್ನು ಆಟೋದಲ್ಲಿ ಸಿಗ್ನಲಿನಿಂದ ಸಿಗ್ನಲಿಗೆ ಕಟ್ಟಿಕೊಳ್ಳುತ್ತಿದ್ದರು. ಅವೆಲ್ಲ ಅವರ ಬಾಯಲ್ಲೇ ಇದ್ದವು. ಒಂದು ಸಿ.ಡಿ. ತಮ್ಮ ಹೆಸರಿನಲ್ಲಿ ಬರಬೇಕು. ಆಸೆ ಎಂದರೆ ಅದೊಂದೇ.

ಮಹಾಂತೇಶ ಸತ್ತು ಎರಡು ತಿಂಗಳಾಗುವಷ್ಟರಲ್ಲಿ 'ಅಮರ ಮಹಾಂತೇಶ' ಎಂಬ ಸಿ.ಡಿ. ಹೊರಬಂತು. ಯಾದವಗಿರಿಯಲ್ಲಿ ಬಂಗಲೆ, ಬಂಗಲೆಯ ಕಾರ್ ಶೆಡ್ಡಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ವೃಷಭೇಂದ್ರಪ್ಪನವರು ಅದರ ನಿರ್ಮಾಪಕರು. ಬದುಕಿರುವಾಗ ಮಹಾಂತೇಶನನ್ನು ಗೇಟಿನ ಹೊರಗೆ ಕಾಯಿಸಿ ಆಮೇಲೆ ಹಾಡು ಹೇಳಿಸಿಕೊಳ್ಳುತ್ತಿದ್ದವರು. ಈಗ ಮುಖಪುಟದಲ್ಲಿ ಅವನ ಕಪ್ಪು ಕನ್ನಡಕವನ್ನು ಕಂಪ್ಯೂಟರಿನಲ್ಲಿ ತೆಗೆಸಿ, ಹಣೆಗೆ ಮೂರು ಪಟ್ಟೆ ವಿಭೂತಿ ಬಳಿಸಿ, ತಲೆಯ ಹಿಂದೆ ಪ್ರಭಾವಳಿ ತಿರುಗಿಸಿದ್ದರು. ಮೊದಲ ವಾರ ಕೆಲವರು ವಚನದ ಸಿ.ಡಿ. ಎಂದು ಕೊಂಡೊಯ್ದರು. ಮನೆಯಲ್ಲಿ ಪೂಜೆಗೆ ಕುಳಿತು ಹಚ್ಚಿದರೆ ಬಂದದ್ದು ಬೈಕು, ಪೆಟ್ರೋಲು, ಬ್ರೇಕು. ಯಾರೂ ವಾಪಸು ತರಲಿಲ್ಲ. ಸತ್ತವನ ಹಾಡನ್ನು ಹಿಂದಿರುಗಿಸುವುದಕ್ಕೆ ಭಯ.

ಅದರ ಕೊನೆಯ ಹಾಡು 'ಖಾಲಿ ಸಿಲಿಂಡರ್'. ಗ್ಯಾಸು ಬುಕ್ ಮಾಡಿ ಕಾಯುವವನ ಗೋಳು, ಅಷ್ಟೇ. ಆದರೆ ಈ ಹಾಡಿನಲ್ಲಿ ಪ್ರತಿ ಸಾಲೂ ತುದಿಯಲ್ಲಿ ತಟ್ಟನೆ ನಿಂತುಬಿಡುತ್ತಿತ್ತು.

ಬುಕ್ ಮಾಡಿ ತಿಂಗಳಾಯ್ತು, ಬರಲಿಲ್ಲ ನಮ್ಮ—

ಅಲ್ಲಾಡ್ಸಿ ನೋಡಿದ್ರೆ ಒಳಗೆ ಬರೀ—

ಒಲೆ ಮುಂದೆ ಕುಂತವ್ಳೆ, ಕಾಯ್ತಾ ಅವ್ಳೆ—

ಪ್ರತಿ ಸಲವೂ ಒಂದು ಮೌನ. ಬರೀ ಡೋಲಿನ ಸದ್ದು. ಆ ಮೌನ ಮೈಸೂರನ್ನು ಹಿಡಿದುಬಿಟ್ಟಿತು. "ಗೊತ್ತಿತ್ತು ಸಾರ್ ಅವ್ನಿಗೆ, ಹೋಗ್ತೀನಿ ಅಂತ" ಎಂದು ಕಾಲೇಜು ಹುಡುಗರು ಕಾರ್ಡು ಚಾಚಿದರು. "ಬರಲಿಲ್ಲ ನಮ್ಮ, ಅಂತ ನಿಲ್ಲಿಸ್ತಾನಲ್ಲ, ಅದು ಅವ್ರಮ್ಮನ್ನ ಕರೆದಿದ್ದಂತೆ ಕಣಪ್ಪ" ಎಂದು ತರಕಾರಿ ಚೀಲದ ಹೆಂಗಸೊಬ್ಬರು ಕಣ್ಣೊರಸಿಕೊಂಡರು. ನಿವೃತ್ತ ಅಧ್ಯಾಪಕರೊಬ್ಬರು ಊರ ಪತ್ರಿಕೆಯಲ್ಲಿ ಅರ್ಧ ಪುಟ ಬರೆದರು. ಖಾಲಿ ಸಿಲಿಂಡರ್ ಎಂದರೆ ಈ ದೇಹ. ರೆಗ್ಯುಲೇಟರು ಗುರು. 'ಒಳಗೆ ಬರೀ' ಎಂದು ಕವಿ ಮೌನವಾಗುವ ಎಡೆಯೇ ಶೂನ್ಯ. ನಂಜಯ್ಯನವರು ಆ ಪುಟವನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದರು. ಮಹಾಂತೇಶನ ಪೋಸ್ಟರನ್ನು ಲಕ್ಷ್ಮಿಯ ಪಟದ ಪಕ್ಕ ಹಾಕಿ ದಿನಾ ಒಂದು ಸೇವಂತಿಗೆ ಸಿಕ್ಕಿಸಿದರು. ಬದುಕಿದ್ದಾಗ ಅವನು ಬಂದು ತನ್ನ ಹಾಡನ್ನು ಇಟ್ಟುಕೊಳ್ಳಿ ಎಂದು ಕೇಳಿದಾಗ, "ಜಾಗ ಇಲ್ಲ ಹೋಗಯ್ಯ" ಎಂದಿದ್ದವರೂ ಅವರೇ. ಕಂಪ್ಯೂಟರಿನಲ್ಲಿ ಜಾಗ ಬೇಕಾದಷ್ಟಿತ್ತು.

ನಾನೇನು ಕಡಿಮೆಯೇ? ಆ ಹಾಡನ್ನು ರಿಂಗ್‌ಟೋನ್ ಮಾಡಿಕೊಂಡೆ. ಹೂ ಇಟ್ಟ ನಂಜಯ್ಯನವರನ್ನು ಮನಸ್ಸಿನಲ್ಲೇ ಆಡಿಕೊಳ್ಳುತ್ತ, ಮೌನದ ಜಾಗ ಬಂದಾಗ ಕಿಟಕಿಯಾಚೆ ನೋಡಿ ನಿಟ್ಟುಸಿರುಬಿಡುವುದನ್ನು ರೂಢಿ ಮಾಡಿಕೊಂಡಿದ್ದೆ. ಅಂಗಡಿಗೆ ಬರುತ್ತಿದ್ದ ಹುಡುಗಿ ಸುಷ್ಮಿತಾ ಒಂದು ಸಲ, "ನೀವು ತುಂಬಾ ಸೂಕ್ಷ್ಮ ಅಲ್ವಾ?" ಎಂದು ಕೇಳಿದ ಮೇಲಂತೂ ನಿಟ್ಟುಸಿರು ಇನ್ನೂ ಉದ್ದವಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಸಿದ್ದಲಿಂಗಸ್ವಾಮಿಯವರು ಕರೆನ್ಸಿ ಹಾಕಿಸಲು ಬಂದು ಗಾಜಿಗೆ ಒರಗಿ ನಿಂತಿದ್ದರು. ಯಾರದೋ ಕಾರ್ಡಿಗೆ ನಾನು ಆ ಹಾಡನ್ನು ತುಂಬಿ, ಹತ್ತಿದೆಯೇ ಎಂದು ನುಡಿಸಿದೆ. "ಒಳಗೆ ಬರೀ—" ಎಂದಿತು.

"ಗಾಳಿ" ಎಂದರು ಅವರು, ಮೆಲ್ಲಗೆ, ತಾಳಕ್ಕೆ ಸರಿಯಾಗಿ.

ನನಗೆ ಕೋಪ ಬಂತು. "ಸತ್ತವ್ರ ಹಾಡು ಸಾರ್. ಒಂದ್ ನಿಮಿಷ ಸುಮ್ನಿರಿ."

"ಯಾರ್ ಸತ್ತವ್ರು? ಆಡ್ತಿರೋನು ನಾನು. ನನ್ನ ಆಡಿಗೆ ನಾನೇ ಸುಮ್ನಿರ್ಬೇಕಾ?"

ಗಿರಾಕಿ ಹೋಗುವವರೆಗೆ ಕಾದು, ಎದುರಿನ ಟೀ ಅಂಗಡಿಗೆ ಕರೆದೊಯ್ದು ಅವರು ಹೇಳಿದ್ದು ಇದು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಮಣ್ಣಿನಲ್ಲಿ ಕೂರಿಸುತ್ತಾರೆ. ಗುಂಡಿಗೆ ಇಳಿದು ಮಹಾಂತೇಶನ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂರಿಸಿದವರಲ್ಲಿ ಇವರೂ ಒಬ್ಬರು. ಅದಾದ ಮೇಲೆ ಶಿವಗಣಾರಾಧನೆಯ ಊಟ. ಇವರು ಪಂಕ್ತಿಯಲ್ಲಿ ಕುಳಿತು ಹೋಳಿಗೆ ಮುರಿಯುತ್ತಿದ್ದಾಗ, ವೃಷಭೇಂದ್ರಪ್ಪನವರು ಪಕ್ಕದ ಎಲೆಗೆ ಬಂದು ಕುಳಿತರಂತೆ. ತುಪ್ಪ ಬಡಿಸುವವನನ್ನು ತಡೆದು ಎರಡನೇ ಸಲ ಹಾಕಿಸಿಕೊಂಡರಂತೆ. ಆಮೇಲೆ ಬಾಯಿ ಒರಸಿಕೊಳ್ಳದೆ ವಿಷಯ ತೆಗೆದರು. ಕೊನೆಯ ಹಾಡೊಂದನ್ನು ಹೇಳುವುದಕ್ಕೆ ಮುಂಚೆಯೇ ಮಹಾಂತೇಶ ಹೋಗಿಬಿಟ್ಟಿದ್ದಾನೆ. ಅದನ್ನು ಅವನ ದನಿಯಲ್ಲಿ ನೀನು ಹೇಳಿಬಿಡು. ಹೆಸರು ಬೇಡ. ಮುಂದಿನ ಸಿ.ಡಿ. ನಿನ್ನದೇ, ನಿನ್ನ ಹಾಡು, ನಿನ್ನ ಫೋಟೋ.

"ಒಪ್ಕೊಂಡ್ಬುಟ್ಟೆ" ಎಂದರು ಸಿದ್ದಲಿಂಗಸ್ವಾಮಿ. "ಅಷ್ಟು ವರ್ಷ ಬೆನ್ನಿಗೆ ನಿಂತಿದ್ದೆ, ಅವನ ಗಂಟಲು ನಂಗೆ ಬರಲ್ವಾ? ಅವತ್ತು ಮೂಲವ್ಯಾಧಿ ಶಿಬಿರದ ಪ್ರಚಾರ ಇತ್ತು. ಆಟೋ ಗೇಟಲ್ಲಿ ನಿಲ್ಸಿ ಒಳಕ್ ಹೋದೆ. ಅವನಂಗೇ ಏಳ್ದೆ. ಬಾಲದ ಜಾಗ ಮಾತ್ರ ಬುಟ್ಕೊಂಡು ಹೋದೆ."

"ಯಾಕೆ?"

"ಇನ್ನೇನ್ರೀ? ಬಾಲ ನನ್ ದನೀಲಿ ಬರ್ಬೇಕು. ಅದನ್ನ ಆಮೇಲೆ ಬೇರೆಯಾಗಿ ಏಳಿ ಕೂಡ್ಸೋಣ ಅಂತ. ಮುಗ್ಸಿ ಈಚೆ ಬಂದು ನೋಡ್ತೀನಿ, ಯಜಮಾನ್ರು ಕಿವಿಗೆ ಎಡ್‌ಫೋನ್ ಹಾಕ್ಕೊಂಡು ಗಳಗಳ ಅಳ್ತಾವ್ರೆ. 'ಬೇಡ ಸಿದ್ದ, ಇಂಗೇ ಇರ್ಲಿ' ಅಂದ್ರು. ಇನ್ನೂ ಮುಗ್ದಿಲ್ಲ ಯಜಮಾನ್ರೇ, ಇದರಲ್ಲಿ ಗ್ಯಾಸು, ಗಾಳಿ, ಅತ್ತೆ ಎಲ್ಲಾ ಬರ್ಬೇಕು ಅಂದೆ. 'ನಿನ್ ದನಿ ಪಕ್ಕದಲ್ಲೇ ಬಂದ್ರೆ ಎರಡೂ ಒಂದೇ ಗಂಟ್ಲು ಅಂತ ಸಿಕ್ಕಾಕ್ಕೋತೀವಿ ಕಣಯ್ಯ, ಓಗು' ಅಂದ್ರು."

ಹೀಗೆ ಮೈಸೂರು ಅತ್ತದ್ದು ಗ್ಯಾಸು, ಗಾಳಿ, ಅತ್ತೆಗಾಗಿ. ನಾನು ನಿಟ್ಟುಸಿರು ಬಿಟ್ಟದ್ದೂ ಅದಕ್ಕೇ. ಅಷ್ಟರಲ್ಲಿ ಜೇಬಿನಲ್ಲಿ ನನ್ನ ಫೋನು ಹೊಡೆದುಕೊಂಡು ಅದೇ ಹಾಡು ಹಾಡಿತು. ಅವರು ನಗಲಿಲ್ಲ. ಅದೊಂದು ಉಪಕಾರ.

ಅವರಿಗೆ ನಗು ಬರುವ ಸ್ಥಿತಿಯೂ ಇರಲಿಲ್ಲ. ಆ ವರ್ಷದ ಗಣೇಶನಿಗೆ ತಮ್ಮ ಸ್ವಂತ ಹಾಡು ಹೇಳಲು ವೇದಿಕೆ ಹತ್ತಿದರೆ, ಜನ ಎರಡು ಸಾಲು ಕೇಳಿ, "ಸತ್ತೋನ ಕಾಪಿ ಹೊಡೀತಾನೆ, ಇಳ್ಸ್ರೋ" ಎಂದು ಕೂಗಿದರು. ಅವರ ಸ್ವಂತ ದನಿಗೂ ಮಹಾಂತೇಶನ ದನಿಗೂ ಹೋಲಿಕೆ ಇದ್ದದ್ದು ಅಷ್ಟಕ್ಕಷ್ಟೇ. ಪಟಪಟ ಎನ್ನುವುದೇ ಈಗ ಸತ್ತವನ ಸ್ವತ್ತಾಗಿತ್ತು. ಆಟೋ ಪ್ರಚಾರಕ್ಕೆ ಕರೆಯುವವರದು ಇನ್ನೊಂದು ಹೊಲಸು. "ನೀವು ಅವ್ರ ಜೊತೇಲಿದ್ರಲ್ಲ, ಮಹಾಂತೇಶ್ ದನೀಲಿ ಹೇಳಿ ಸಾರ್, ಜನ ನಿಂತು ಕೇಳ್ತಾರೆ" ಎಂದು ಗೋಗರೆಯುತ್ತಿದ್ದರು. ಮೂಲವ್ಯಾಧಿಯ ಡಾಕ್ಟರು ಸ್ವತಃ ಫೋನು ಮಾಡಿ ಅದನ್ನೇ ಕೇಳಿದರು. ಸತ್ತವನ ಬಾಯಲ್ಲಿ ಮೂಲವ್ಯಾಧಿ! ಸಿದ್ದಲಿಂಗಸ್ವಾಮಿಯವರು ಆ ಕೆಲಸ ಬಿಟ್ಟರು. ಬೇರೊಬ್ಬ ಒಪ್ಪಿಕೊಂಡು ಊರೆಲ್ಲ ಸುತ್ತಿದ. ಜನ ನಿಂತು ಕೇಳಿದ್ದೂ ನಿಜ. ನಾನೇ ನೋಡಿದೆ.

ಸ್ವಂತ ಸಿ.ಡಿ.ಯ ಮಾತು ಕೇಳಲು ಅವರು ಯಾದವಗಿರಿಗೆ ಹೋದಾಗ, ವೃಷಭೇಂದ್ರಪ್ಪನವರು ಈ ಸಲ ಗೇಟಿನಲ್ಲಿ ಕಾಯಿಸಲಿಲ್ಲ. ಒಳಗೆ ಕೂರಿಸಿ ಕಾಫಿ ಕೊಟ್ಟರು. ಸಿ.ಡಿ. ಖಂಡಿತ ಮಾಡೋಣ, ಹಾಡುಗಳೆಲ್ಲ ನಿನ್ನವೇ ಇರಲಿ. ಹೆಸರು ಮಾತ್ರ 'ಅಮರ ಮಹಾಂತೇಶ, ಭಾಗ ಎರಡು'. ದನಿಯೂ ಅವನದೇ.

"ಸತ್ತೋನು ಇನ್ನೂ ಎಷ್ಟು ಹಾಡು ಹೇಳ್ತಾನೆ ಯಜಮಾನ್ರೇ?" ಎಂದು ಇವರು ಕೇಳಿದರಂತೆ.

"ಅದು ನಿನ್ನ ಕೈಲದೆ ಕಣಯ್ಯ" ಎಂದರಂತೆ ಅವರು, ಬಿಸ್ಕತ್ತು ಅದ್ದುತ್ತ.

ಇವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಇನ್ನೂ ಕೂತಿದ್ದರೆ ಗಂಟಲು ಎತ್ತರಿಸಬೇಕಾಗುತ್ತಿತ್ತು.

ವರ್ಷದ ಪುಣ್ಯಸ್ಮರಣೆ ಹಿನಕಲ್ಲಿನ ಒಂದು ಸಮುದಾಯ ಭವನದಲ್ಲಿ ನಡೆಯಿತು. ಸಂಜೆ ಐದಕ್ಕೇ ಕುರ್ಚಿ ಸಾಲದೆ ಜನ ಗೋಡೆಗೆ ಅಂಟಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮಹಾಂತೇಶನ ತಾಯಿ ಪ್ರೇಮಲೀಲಮ್ಮ, ಯಾರೋ ಹೊದಿಸಿದ ಶಾಲು ಜಾರದಂತೆ ಹಿಡಿದುಕೊಂಡು ಕುಳಿತಿದ್ದರು. ಕಾರ್ಯಕ್ರಮದ ನಿರೂಪಣೆ ಯಾರದು? ಊರಿನಲ್ಲಿ ಮೈಕು ಹಿಡಿಯಲು ಬರುವವರು ಇನ್ನಾರಿದ್ದಾರೆ, ಸಿದ್ದಲಿಂಗಸ್ವಾಮಿಯವರದೇ. ವೃಷಭೇಂದ್ರಪ್ಪನವರು ಭಾಗ ಎರಡರ ಪೋಸ್ಟರನ್ನು ಬಿಚ್ಚಿ ತೋರಿಸಿದರು. ಪ್ರಭಾವಳಿ ಈ ಸಲ ಎರಡು ಸುತ್ತು ಇತ್ತು. ಚಪ್ಪಾಳೆ ನಿಂತ ಮೇಲೆ ದೀಪ ಆರಿಸಿ 'ಖಾಲಿ ಸಿಲಿಂಡರ್' ಹಾಕಿದರು. ಎಲ್ಲರೂ ಮೊಬೈಲಿನ ಬೆಳಕು ಎತ್ತಿ ಹಿಡಿದರು. ನಾನು ಎತ್ತಲಿಲ್ಲ. ಅದೇನು ದೊಡ್ಡಸ್ತಿಕೆಯಲ್ಲ, ಚಾರ್ಜು ಇರಲಿಲ್ಲ.

"ಬುಕ್ ಮಾಡಿ ತಿಂಗಳಾಯ್ತು, ಬರಲಿಲ್ಲ ನಮ್ಮ—"

ಮೌನ. ಮೂಗು ಏರಿಸುವ ಸದ್ದು.

"ಅಲ್ಲಾಡ್ಸಿ ನೋಡಿದ್ರೆ ಒಳಗೆ ಬರೀ—"

"ಗಾಳಿ!" ಎಂದು ವೇದಿಕೆಯ ಮೂಲೆಯಿಂದ ಸಿದ್ದಲಿಂಗಸ್ವಾಮಿಯವರ ಸ್ವಂತ ದನಿ ಮೈಕಿನಲ್ಲಿ ಮೊಳಗಿತು.

ಒಂದಿಬ್ಬರು ನಕ್ಕೇಬಿಟ್ಟರು. ನಗು ಬರುವಂತೆಯೇ ಕಟ್ಟಿದ ಸಾಲು ಅದು. ನಕ್ಕವರ ಬೆನ್ನಿಗೆ ಪಕ್ಕದವರು ಗುದ್ದಿದರು. ಹಾಡು ಮುಂದುವರಿಯಿತು. "ಒಲೆ ಮುಂದೆ ಕುಂತವ್ಳೆ, ಕಾಯ್ತಾ ಅವ್ಳೆ—"

"ಅತ್ತೆ!"

"ಯಾವನೋ ಅವ್ನು? ಸತ್ತೋನ ಹಾಡಿಗೆ ಬಾಯಿ ಹಾಕ್ತಾನೆ!" "ಮಾನ ಇಲ್ವೇನೋ ನಿಂಗೆ?" "ಜೊತೇಲಿ ತಿಂದೋನು, ಹೊಟ್ಟೆಕಿಚ್ಚು ನೋಡು!" ಅಳುತ್ತಿದ್ದ ಜನ ಎಷ್ಟು ಬೇಗ ಚಪ್ಪಲಿ ಕಳಚುತ್ತಾರೆಂದು ನನಗೆ ಅವತ್ತು ಗೊತ್ತಾಯಿತು. ಒಂದು ಹವಾಯಿ ಚಪ್ಪಲಿ ಅವರ ಭುಜಕ್ಕೆ ಬಿತ್ತು. ಅವರು ಅಲ್ಲಾಡಲಿಲ್ಲ, ಮುಂದಿನ ಬಾಲಕ್ಕೆ ಬಾಯಿ ತೆರೆದರು. ವೃಷಭೇಂದ್ರಪ್ಪನವರು ಪಂಚೆ ಎತ್ತಿಕೊಂಡು ಓಡಿ ಮೈಕಿನ ವೈರು ಕಿತ್ತರು. ಹಾಡನ್ನು ಮೊದಲಿನಿಂದ ಹಾಕಿಸಿದರು. ಮತ್ತೆ ಬೆಳಕುಗಳು ಎದ್ದವು. ಸುಷ್ಮಿತಾಳದೂ. ನಾನು ಎದ್ದು ಹಿಂದಕ್ಕೆ ಹೋದೆ.

ವೇದಿಕೆಯ ಹಿಂದೆ, ಒಂದರೊಳಗೊಂದು ಜೋಡಿಸಿದ ಕುರ್ಚಿಗಳ ಪಕ್ಕ, ಸಿದ್ದಲಿಂಗಸ್ವಾಮಿಯವರು ಫ್ಲಾಸ್ಕಿನ ಮುಚ್ಚಳಕ್ಕೆ ಕಷಾಯ ಬಗ್ಗಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಪ್ರೇಮಲೀಲಮ್ಮ ಶಾಲು ಎಳೆದುಕೊಂಡು ಅಲ್ಲಿಗೇ ಬಂದರು. ಬೈಯಲು ಬಂದರೆಂದುಕೊಂಡು ನಾನು ಬಾಗಿಲ ಬಳಿಯೇ ನಿಂತೆ.

"ನೋವಾಯ್ತಾ ಸಿದ್ದಾ?" ಎಂದು ಅವರ ಭುಜ ಸವರಿದರು.

"ಇಲ್ಲ ಬುಡಮ್ಮ."

"ನಂಗ್ ಮೊದಲ್ನೇ ದಿನಾನೇ ಗೊತ್ತು ಕಣಪ್ಪ, ಅದು ಅವನ್ ದನಿ ಅಲ್ಲ ಅಂತ. ಎತ್ತವಳಿಗೆ ಗೊತ್ತಾಗಕಿಲ್ವಾ? ಸಾಲಿನ್ ಕೊನೇಲಿ ಅವ್ನು ಗೊರಗೊರ ಅಂತಿದ್ದ. ಇದ್ರಲ್ಲಿ ಗೊರಗೊರ ಇಲ್ಲ."

ಸಿದ್ದಲಿಂಗಸ್ವಾಮಿಯವರು ತಲೆ ತಗ್ಗಿಸಿದರು.

"ಆದ್ರೂ ಇನ್ನೊಂದು ಆಡ್ಬುಡಪ್ಪ. ಅವನಿದ್ದಾಗ ಯಾರ್ ಬತ್ತಿದ್ರು ನಮ್ಮನೆಗೆ? ಈಗ ದಿನಾ ಯಾರಾದ್ರೂ ಬತ್ತಾರೆ, ಅವನ್ ಎಸರು ಏಳ್ತಾರೆ, ಕಾಲ್ ಮುಟ್ತಾರೆ. ನೀನ್ ನಿಲ್ಸ್‌ಬುಟ್ರೆ ಯಾರೂ ಬರಕಿಲ್ಲ. ಸಿ.ಡಿ. ಯಜಮಾನ್ರು ಏಳವ್ರೆ, ನಿನ್ನ ಒಪ್ಸು ಅಂತ. ನನ್ನ ಮಕ ನೋಡಿ ಆಡು ಸಿದ್ದಾ."

ಅವರು ಏನೋ ಉತ್ತರ ಕೊಟ್ಟರು. ಅದೇ ಹೊತ್ತಿಗೆ ಒಳಗೆ ಹಾಡು ಮುಗಿದು ಸಿಳ್ಳೆಯೂ ಚಪ್ಪಾಳೆಯೂ ಎದ್ದು ನನಗೆ ಕೇಳಿಸಲಿಲ್ಲ. ಆ ತಾಯಿ ಕೈ ಹಿಂದೆ ತೆಗೆದುಕೊಂಡದ್ದು ಮಾತ್ರ ಕಂಡಿತು. ತಾಯಿಯ ಕೈಯಲ್ಲಿ ಹೀಗೆ ಕೇಳಿಸಿದ ಆ ತುಪ್ಪದ ಮನುಷ್ಯ ವೃಷಭೇಂದ್ರಪ್ಪನ ಮೇಲೆ ಬಂದ ಅಸಹ್ಯ, ನಾನು ತುಂಬಿಕೊಟ್ಟ ಕಾರ್ಡುಗಳ ನೆನಪಾಗಿ ಅರ್ಧ ನನ್ನ ಮೇಲೂ ಬಂತು.

ಭಾಗ ಎರಡು ಬರಲಿಲ್ಲ. ದಸರಾ ಹೊತ್ತಿಗೆ ಜನ ಇನ್ನೊಬ್ಬ ಸತ್ತವನನ್ನು ಹುಡುಕಿಕೊಂಡರು. ನಂಜಯ್ಯನವರು ಸೇವಂತಿಗೆಯನ್ನು ಅವನ ಪಟಕ್ಕೆ ಬದಲಾಯಿಸಿದರು. ಸಿದ್ದಲಿಂಗಸ್ವಾಮಿಯವರ ಸ್ವಂತ ಸಿ.ಡಿ.ಯೂ ಬರಲಿಲ್ಲ. ಅವರನ್ನು ಆರ್ಕೆಸ್ಟ್ರಾಕ್ಕೆ ಯಾರೂ ಕರೆಯುತ್ತಿಲ್ಲ. ಆಟೋ ಮಾತ್ರ ಓಡುತ್ತಿದೆ. ನೀರು ಬರುವುದಿಲ್ಲ ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳುವವರು ಈಗಲೂ ಇಲ್ಲ. ಸಿಗ್ನಲಿನಲ್ಲಿ ಮೈಕು ಆಫ್ ಮಾಡಿ ಪಟಪಟ ತುಟಿ ಅಲ್ಲಾಡಿಸುವುದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ.

ಮೊನ್ನೆ ಟೀ ಅಂಗಡಿಯಲ್ಲಿ ಸಿಕ್ಕರು. ಬಾಯಿ ಸುಮ್ಮನಿರಲಾರದೆ ಕೇಳಿಯೇಬಿಟ್ಟೆ.

"ಅವತ್ತು ಹೆತ್ತ ತಾಯಿ ಅಷ್ಟು ಕೇಳ್ಕೊಂಡ್ರಲ್ಲ ಸಾರ್, ನೀವೇನಂದ್ರಿ?"

ಅವರು ಲೋಟ ಕೆಳಗಿಟ್ಟರು.

"ಆಗಲ್ಲ ಅಂದೆ. ಗುಂಡಿಗಿಳಿದು ಅವನ್ನ ಕೂರಿಸ್ದೋನು ನಾನು, ಎಬ್ಸೋ ಕೆಲ್ಸ ನಂಗ್ ಕೊಡ್ಬೇಡಮ್ಮ ಅಂದೆ."